ಪೊರೆಯ ಹಿಂದೆಯೂ ಒಮ್ಮೆ ನೋಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿಸಿ, ಉಚಿತ ಕನ್ನಡಕ ಕೊಟ್ಟು, ಪೊರೆ ಆಪರೇಷನ್ ಮಾಡಿಸುತ್ತಿರುವುದು ಒಳ್ಳೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ನಾನು ಬರೆಯುತ್ತಿರುವುದು ಪೊರೆಯ ಹಿಂದಿರುವ, ಬೆಳಕನ್ನು ಗ್ರಹಿಸುವ ಪರದೆಯಾದ ರೆಟಿನಾ ಬಗ್ಗೆ.

ವಯಸ್ಸಾದಂತೆ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಕೆಡುವ ಕಾಯಿಲೆಯನ್ನು ವೈದ್ಯರು ಎಎಂಡಿ ಎನ್ನುತ್ತಾರೆ. ನಮ್ಮ ದೊಡ್ಡಮ್ಮನಿಗೆ ಬಂದದ್ದು ಅದೇ. ಕಿಟಕಿ ಸರಳು ಡೊಂಕಾಗಿ ಕಾಣುತ್ತೆ ಅಂತ ಹೇಳಿಕೊಂಡರೆ, ಶಿಬಿರವೊಂದರಲ್ಲಿ ‘ಪೊರೆ ಬಲಿಯಲಿ, ಆಮೇಲೆ ಬನ್ನಿ ಅಜ್ಜಿ’ ಎಂದು ಕಳಿಸಿದರು. ರೆಟಿನಾ ವೈದ್ಯರನ್ನು ಕಾಣುವಷ್ಟರಲ್ಲಿ ಒಂದು ಕಣ್ಣಿನ ನಡುವೆ ಕಲೆ ಕೂತುಬಿಟ್ಟಿತ್ತು. ಆ ಕಣ್ಣಿಗೆ ಈಗ ಎದುರು ಕೂತವರ ಮುಖ ಕಾಣದು, ಅವರ ಪಕ್ಕದಲ್ಲಿಟ್ಟ ಚೊಂಬು ಕಾಣುತ್ತದೆ.

ಈ ಕಾಯಿಲೆಯ ಒಂದು ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರುತ್ತವೆ. ಅವನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ವಿಜ್ಞಾನಿಗಳು 1989ರಲ್ಲೇ ಗುರುತಿಸಿದ್ದರು. ಅದನ್ನು ತಡೆಯುವ ರಾನಿಬಿಜುಮ್ಯಾಬ್ ಇಂಜೆಕ್ಷನ್‌ಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ವಿಪರೀತ. ಅಷ್ಟರೊಳಗೆ ಕರುಳಿನ ಕ್ಯಾನ್ಸರ್‌ಗೆ ಕೊಡುವ ಬೆವಾಸಿಜುಮ್ಯಾಬ್ ಎಂಬ ಅಗ್ಗದ ಔಷಧವನ್ನು ಕಣ್ಣಿಗೆ ಬಳಸಿ ಕೆಲವು ವೈದ್ಯರು ಫಲ ಕಂಡಿದ್ದರು. ಎರಡೂ ಒಂದೇ ಕಂಪನಿಯವು! ಕೊನೆಗೆ ಅಮೆರಿಕದ ಸರ್ಕಾರವೇ ದುಡ್ಡು ಹಾಕಿ ಎರಡನ್ನೂ ಹೋಲಿಸಿ ನೋಡಿತು. 2011ರಲ್ಲಿ ಬಂದ ಫಲಿತಾಂಶದಲ್ಲಿ ದೃಷ್ಟಿ ಉಳಿಸುವುದರಲ್ಲಿ ಎರಡೂ ಸಮಸಮ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗ್ಗದ ಔಷಧವನ್ನೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ತೊಡಕಿಲ್ಲವೆಂದಲ್ಲ. ದೊಡ್ಡ ಬಾಟಲಿಯಿಂದ ಸಣ್ಣ ಸಣ್ಣ ಡೋಸ್ ತೆಗೆಯುವಾಗ ಸೋಂಕು ತಗುಲಿದರೆ ಇದ್ದ ಕಣ್ಣೂ ಹೋಗುತ್ತದೆ. 2016ರಲ್ಲಿ ಇದೇ ಭಯಕ್ಕೆ ನಮ್ಮ ದೇಶದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿ, ಕೆಲವೇ ವಾರಗಳಲ್ಲಿ ವಾಪಸ್ ಪಡೆದರು. ತಪ್ಪು ಔಷಧದ್ದಲ್ಲ, ಅದನ್ನು ಹಂಚುವ ಕೈಯದು. ಆ ಕೆಲಸ ಸರಿಯಾದ ಸ್ಟೆರೈಲ್ ಕೋಣೆಯಲ್ಲಿ ನಡೆಯಬೇಕು. 1896ರಿಂದ ಕಣ್ಣು ನೋಡುತ್ತಾ ಬಂದ ಬೆಂಗಳೂರಿನ ಮಿಂಟೋ ಆಸ್ಪತ್ರೆ ಸರ್ಕಾರದ ಸುಪರ್ದಿಯಲ್ಲೇ ಇದೆ. ಅಲ್ಲಿ ಡೋಸ್ ಮಾಡಿ, ಪರೀಕ್ಷಿಸಿ, ತಂಪುಪೆಟ್ಟಿಗೆಯಲ್ಲಿ ಜಿಲ್ಲೆಗಳಿಗೆ ಕಳಿಸುವುದು ಸರ್ಕಾರಕ್ಕೆ ಆಗದ ಮಾತೇ? ಈ ಇಂಜೆಕ್ಷನ್ ಒಂದು ಸಲಕ್ಕೆ ಮುಗಿಯುವುದಿಲ್ಲ, ಶುರುವಿನಲ್ಲಿ ತಿಂಗಳಿಗೊಂದು ಬೇಕು. ಎಪ್ಪತ್ತು ದಾಟಿದವರು ಪ್ರತಿ ತಿಂಗಳು ಜೊತೆಗೊಬ್ಬರನ್ನು ಕಟ್ಟಿಕೊಂಡು ಬೆಂಗಳೂರಿಗೆ ಬರುವುದು ಹೇಗೆ? ಎಷ್ಟೋ ಮಂದಿ ನಡುವೆಯೇ ಬಿಟ್ಟುಬಿಡುತ್ತಾರೆ.

ರಕ್ತನಾಳ ಸೋರದ ಒಣ ಬಗೆಗೆ ಹೋದ ದೃಷ್ಟಿ ಮರಳಿಸುವ ಔಷಧ ಇನ್ನೂ ಇಲ್ಲ. 2023ರಲ್ಲಿ ಅಮೆರಿಕ ಒಪ್ಪಿದ ಎರಡು ಇಂಜೆಕ್ಷನ್‌ಗಳು ಸವೆತವನ್ನು ನಿಧಾನ ಮಾಡುತ್ತವೆ, ಅಷ್ಟೇ. ಹೊಗೆ ಸೇದಿದರೆ ಈ ಕಾಯಿಲೆಯ ಅಪಾಯ ಹೆಚ್ಚು; ಬೀಡಿ ಸಿಗರೇಟು ಬಿಡಿಸುವುದು ಅದಕ್ಕಿಂತ ಅಗ್ಗ.

ಹಾಗಾಗಿ ಕೇಳುವುದು ಇಷ್ಟು: ಅರವತ್ತು ದಾಟಿದವರ ತಪಾಸಣೆಗೆ ಹೋಗುವ ಆಶಾ ಕಾರ್ಯಕರ್ತೆಯರ ಕೈಗೆ ಚೌಕುಳಿ ಗೆರೆಗಳ ಆಮ್ಸ್ಲರ್ ಚೀಟಿಯೊಂದನ್ನು ಕೊಡಿ. ಒಂದೊಂದೇ ಕಣ್ಣು ಮುಚ್ಚಿಸಿ, ಗೆರೆ ಡೊಂಕಾಗಿ ಕಂಡವರನ್ನು ಪೊರೆಯ ಸಾಲಿನಲ್ಲಿ ನಿಲ್ಲಿಸದೆ ನೇರ ರೆಟಿನಾ ವೈದ್ಯರ ಬಳಿ ಕಳಿಸಲಿ. ಜಿಲ್ಲಾಸ್ಪತ್ರೆಗಳಲ್ಲಿ ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮತ್ತು ಬೆವಾಸಿಜುಮ್ಯಾಬ್ ಇಂಜೆಕ್ಷನ್ ಎರಡೂ ಉಚಿತವಾಗಿ ಸಿಗಲಿ. ಮೊದಲು ಯಾವ ಜಿಲ್ಲೆ, ಯಾವ ತಿಂಗಳಿಂದ ಎಂದು ತಾವೇ ತಿಳಿಸಬೇಕಾಗಿ ಕೋರಿಕೆ.

ಇತಿ,
ಹಾಸನ ಜಿಲ್ಲೆಯ ಒಬ್ಬ ಮತದಾರ