ಮಂಚ, ಏರ್ ಬೆಡ್, ವೀಲ್‌ಚೇರ್‌ಗೆ ದೇಣಿಗೆ ಬೇಕು. ಯಾಕೆ ಅಂತ ಓದಿ

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇವೆ. ಹಾಸಿಗೆ ಹಿಡಿದವರ ಮನೆಗೆ ಮಂಚ, ಏರ್ ಬೆಡ್, ವೀಲ್‌ಚೇರ್‌ಗಳನ್ನು ಬಾಡಿಗೆಯಿಲ್ಲದೆ ಕೊಡುವ ನಮ್ಮ ಚಿಕ್ಕ ಟ್ರಸ್ಟ್‌ಗೆ ಮಳೆಗಾಲದ ಮೊದಲು ಇನ್ನಷ್ಟು ಸಾಮಾನು ಬೇಕು. ನಾವು ಮಂಗಳೂರು, ಉಡುಪಿ ಕಡೆಯವರು. ಹೆಚ್ಚಿನವರು ಇಸ್ರೇಲಿನಲ್ಲಿ ಹೋಂ ನರ್ಸ್ ಆಗಿ ದುಡಿದು ಬಂದವರು. ನೆತನ್ಯ ಊರಿನಲ್ಲಿ ನಾವು ನೋಡಿಕೊಳ್ಳುತ್ತಿದ್ದ ಅಜ್ಜ ಅಜ್ಜಿಯರನ್ನು ಲಾನಿಯಾಡೊ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅದನ್ನು ಕಟ್ಟಿಸಿದವರ ಕಥೆ ಕೇಳಿದ್ದೆವು.

ಅವರು ಯೆಕುತಿಯೆಲ್ ಯೆಹುದಾ ಹಾಲ್ಬರ್‌ಸ್ಟಾಮ್, 1905ರಲ್ಲಿ ಪೋಲೆಂಡಿನ ರುಡ್ನಿಕ್‌ನಲ್ಲಿ ಹುಟ್ಟಿದವರು. ಹಸಿಡಿಕ್ ಎಂಬ ಸಂಪ್ರದಾಯಸ್ಥ ಪಂಥದ ಯಹೂದಿಗಳ ಗುರು, ಅಂದರೆ ರೆಬ್ಬೆ. ರೊಮೇನಿಯಾದ ಕ್ಲೌಸೆನ್‌ಬರ್ಗ್‌ನಲ್ಲಿ, ಈಗಿನ ಕ್ಲೂಜ್‌ನಲ್ಲಿ, ಚಿಕ್ಕ ವಯಸ್ಸಿಗೇ ದೊಡ್ಡ ಹೆಸರು. 1944ರಲ್ಲಿ ನಾಜಿಗಳು ಯಹೂದಿಗಳನ್ನು ಹಿಡಿದು ಕ್ಯಾಂಪುಗಳಿಗೆ ಸಾಗಿಸಿದಾಗ ಎಲ್ಲ ಮುಗಿಯಿತು. ಹೆಂಡತಿ ಮತ್ತು 11 ಮಕ್ಕಳಲ್ಲಿ ಒಬ್ಬರೂ ಅವರಿಗೆ ಉಳಿಯಲಿಲ್ಲ. ಯುದ್ಧ ಮುಗಿಯುವ ತನಕ ಹೇಗೋ ಉಳಿದಿದ್ದ ದೊಡ್ಡ ಮಗನೂ ಅಪ್ಪನನ್ನು ಸೇರುವ ಮೊದಲೇ ಕಾಯಿಲೆಯಿಂದ ತೀರಿಕೊಂಡ. ನಾಜಿಗಳ ಕ್ಯಾಂಪಿನಲ್ಲಿದ್ದಾಗ ಇವರ ತೋಳಿಗೆ ಗುಂಡು ಬಿತ್ತು. ಅಲ್ಲಿನ ಡಾಕ್ಟರ ಹತ್ತಿರ ಹೋದರೆ ವಾಪಸ್ ಬರುವ ನಂಬಿಕೆ ಇಲ್ಲ. ಒಂದು ಎಲೆ ಕಿತ್ತು ಗಾಯಕ್ಕೆ ಕಟ್ಟಿಕೊಂಡರು. ಬದುಕಿದರೆ ಇಸ್ರೇಲಿನಲ್ಲಿ ಆಸ್ಪತ್ರೆ ಕಟ್ಟುತ್ತೇನೆ, ಯಾರೇ ಬರಲಿ ಒಂದೇ ರೀತಿ ನೋಡಿಕೊಳ್ಳುವ ಆಸ್ಪತ್ರೆ, ಎಂದು ಅಲ್ಲೇ ಹರಕೆ ಹೊತ್ತರು.

1945ರಲ್ಲಿ ಜರ್ಮನಿಯ ಫೆಲ್ಡಾಫಿಂಗ್ ನಿರಾಶ್ರಿತರ ಕ್ಯಾಂಪಿನಲ್ಲಿ ನಡೆದದ್ದು ನಮಗೆ ಆಸ್ಪತ್ರೆಗಿಂತ ಜಾಸ್ತಿ ಹಿಡಿಸುತ್ತದೆ. ಯಹೂದಿಗಳ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನ ಉಪವಾಸ ಶುರುವಾಗುವ ಮೊದಲು ಅಪ್ಪ ಮಕ್ಕಳನ್ನು ಹರಸುವುದು ಅವರ ಪದ್ಧತಿ. ಒಬ್ಬ ಅನಾಥ ಹುಡುಗಿ ಅಳುತ್ತಾ ಬಂದು, ಹರಸೋಕೆ ನನಗೆ ಅಪ್ಪ ಇಲ್ಲ ಎಂದಳಂತೆ. ರೆಬ್ಬೆ ಅವಳ ತಲೆ ಮೇಲೆ ಕರವಸ್ತ್ರ ಹಾಕಿ, ಅದರ ಮೇಲೆ ಕೈಯಿಟ್ಟು ಹರಸಿದರು. ಸುದ್ದಿ ತಿಳಿದು ಇನ್ನೊಬ್ಬಳು ಬಂದಳು, ಆಮೇಲೆ ಸಾಲೇ ನಿಂತಿತು. ಹನ್ನೊಂದು ಮಕ್ಕಳನ್ನು ಕಳೆದುಕೊಂಡವರು ಒಬ್ಬಳನ್ನೂ ಹಾಗೇ ಕಳಿಸಲಿಲ್ಲ.

ಮುಂದೆ ಅಮೆರಿಕಕ್ಕೆ ಹೋದರು, ಮತ್ತೆ ಮದುವೆಯಾದರು, ಮಕ್ಕಳಾದರು. 1960ರಲ್ಲಿ ನೆತನ್ಯಕ್ಕೆ ಬಂದು ನೆಲೆಸಿದರು. ಹರಕೆ ತೀರಿಸೋದು ಸುಲಭವಾಗಲಿಲ್ಲ. ವರ್ಷಗಟ್ಟಲೆ ದುಡ್ಡು ಕೇಳುತ್ತಾ ತಿರುಗಿದರು, ಕೊನೆಗೆ ಲಾನಿಯಾಡೊ ಮನೆತನದ ಆಸ್ತಿಯಿಂದ ದೊಡ್ಡ ನೆರವು ಸಿಕ್ಕಿ 1970ರ ದಶಕದಲ್ಲಿ ಬಾಗಿಲು ತೆರೆಯಿತು. ನರ್ಸಿಂಗ್ ಶಾಲೆಯೂ ಬಂತು. ಮುಷ್ಕರ ಅಂತ ಅಲ್ಲಿ ಯಾವತ್ತೂ ಬಾಗಿಲು ಹಾಕುವ ಹಾಗಿಲ್ಲ. ಅದು ಅವರದೇ ಕಟ್ಟಪ್ಪಣೆ. 1994ರಲ್ಲಿ ತೀರಿಕೊಂಡರು.

ಇಸ್ರೇಲ್ ಅಂದ ಕೂಡಲೇ ಕಾಮೆಂಟಿನಲ್ಲಿ ರಾಜಕೀಯ ಎತ್ತಬೇಡಿ ಮಾರಾಯ್ರೆ. ಒಂದು ರೂಪಾಯಿಯೂ ಅಲ್ಲಿಗೆ ಹೋಗುವುದಿಲ್ಲ, ಎಲ್ಲ ಇಲ್ಲಿನ ಮನೆಗಳಿಗೇ. ಅಷ್ಟು ದೊಡ್ಡ ಗುರುವೇ ನಾಚಿಕೆಪಡದೆ ಕೇಳಿದರು ಎಂದ ಮೇಲೆ ನಮಗೇನು, ಅಲ್ವಾ?

ಈಗ ಎಲ್ಲಕ್ಕಿಂತ ಜಾಸ್ತಿ ಬೇಡಿಕೆ ಏರ್ ಬೆಡ್‌ಗೆ. ತಿಂಗಳುಗಟ್ಟಲೆ ಮಲಗಿದಲ್ಲೇ ಇದ್ದವರ ಬೆನ್ನು ಹುಣ್ಣಾದರೆ ಮನೆಯವರ ಪಾಡು ಹೇಳೋದೇ ಬೇಡ. ₹200 ಕೊಟ್ಟರೂ ಆಯಿತು, ಪೂರ್ತಿ ಒಂದು ಮಂಚವನ್ನೇ ಕೊಡಿಸಿದರೂ ಆಯಿತು. ಅಟ್ಟದಲ್ಲಿ ಸುಮ್ನೆ ಬಿದ್ದಿರುವ ವಾಕರ್, ಕಮೋಡ್ ಚೇರ್ ಇದ್ದರೆ ತಿಳಿಸಿ, ನಾವೇ ರಿಕ್ಷಾ ಮಾಡಿಕೊಂಡು ಬಂದು ಒಯ್ಯುತ್ತೇವೆ. ಯಾರ ಮನೆಗೆ ಏನು ಹೋಯಿತು ಎಂದು ಹೆಸರು ಹಾಕಿ ಫೋಟೋ ಹಂಚುವುದಿಲ್ಲ, ಆದರೆ ಲೆಕ್ಕದ ಪುಸ್ತಕ ಯಾವಾಗ ಕೇಳಿದರೂ ತೋರಿಸುತ್ತೇವೆ. ರಸೀದಿ ಎಲ್ಲರಿಗೂ ಇದೆ.