ಅಪ್ಪ ಹುಷಾರಾಗಿದ್ದಾರೆ, ನಿಮ್ಮೆಲ್ಲರಿಗೂ ಕೃತಜ್ಞತೆ

ಅಪ್ಪ ಮನೆಗೆ ಬಂದಿದ್ದಾರೆ. ಫೋನ್ ಮಾಡಿ ವಿಚಾರಿಸಿದ, ಆಸ್ಪತ್ರೆಗೆ ಊಟ ತಂದುಕೊಟ್ಟ ಎಲ್ಲರಿಗೂ ಮೊದಲು ಕೈಮುಗಿಯುತ್ತೇನೆ.

ಕಬ್ಬಿನ ಗದ್ದೆಯಲ್ಲಿ ಅಪ್ಪನಿಗೆ ಕೊಳಕುಮಂಡಲ ಹಾವು ಕಚ್ಚಿದಾಗ ಪಕ್ಕದ ಜಮೀನಿನ ಅಣ್ಣ ಕಾಲಿಗೆ ಹಗ್ಗ ಬಿಗಿಯಲಿಲ್ಲ, ಗಾಯ ಕೊಯ್ಯಲಿಲ್ಲ. ಮಂತ್ರ ಹಾಕಿಸೋಣ ಅಂದವರ ಮಾತಿಗೂ ನಿಲ್ಲಲಿಲ್ಲ. ಅಪ್ಪನನ್ನು ನಡೆಯಲು ಬಿಡದೆ ಎತ್ತಿಕೊಂಡು ಹೋಗಿ, ಆಟೋದಲ್ಲಿ ಮಲಗಿಸಿ ಸೀದಾ ತಾಲ್ಲೂಕು ಆಸ್ಪತ್ರೆಗೆ ತಂದರು. ಅಣ್ಣ, ನಿಮ್ಮ ಋಣ ತೀರಿಸೋಕಾಗಲ್ಲ.

ಅಲ್ಲಿ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟರು. ಓರೆ ಮಾಡಿದರೆ ರಕ್ತ ಹಾಗೇ ಹರಿಯಿತು, ಹೆಪ್ಪುಗಟ್ಟಿರಲೇ ಇಲ್ಲ, ಅಂದರೆ ವಿಷ ರಕ್ತಕ್ಕೆ ಇಳಿದಿತ್ತು. ಡಾಕ್ಟರ್ ತಡ ಮಾಡಲಿಲ್ಲ. ನರ್ಸ್ ಅಕ್ಕ ಆಂಟಿವೆನಮ್ ಅಂದರೆ ಹಾವಿನ ವಿಷಕ್ಕೆ ಕೊಡೋ ಔಷಧಿ ಪುಡಿಯ ಒಂದೊಂದೇ ಬಾಟಲಿಗೆ ನೀರು ಸೇರಿಸಿ, ನೊರೆ ಬರಬಾರದು ಅಂತ ಕುಲುಕದೆ ಮೆಲ್ಲಗೆ ತಿರುಗಿಸಿದರು. ಅಂಥ 10 ಬಾಟಲಿ. ಡ್ರಿಪ್ ಹಾಕೋ ಮೊದಲೇ, ಔಷಧಿ ಮೈಗೆ ಒಗ್ಗದಿದ್ದರೆ ಕೊಡೋ ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿ ಇಟ್ಟುಕೊಂಡರು.

ಸ್ವಲ್ಪ ಹೊತ್ತಿಗೇ ಅದು ಬೇಕಾಯಿತು. ಮೈಯೆಲ್ಲ ದದ್ದು, ತುರಿಕೆ, ವಾಂತಿ. ಬಿ.ಪಿ. ಇಳಿಯಿತು. ಔಷಧಿನೇ ಪ್ರಾಣ ತೆಗೆಯುತ್ತೆ ಅಂತ ನಮ್ಮವರು ಕೂಗಾಡಿದರು. ಅಕ್ಕ ಡ್ರಿಪ್ ನಿಲ್ಲಿಸಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ಅಪ್ಪ ಸುಧಾರಿಸಿಕೊಂಡ ಮೇಲೆ ಡಾಕ್ಟರ್ ಅದೇ ಔಷಧಿಯನ್ನು ನಿಧಾನವಾಗಿ ಮತ್ತೆ ಶುರು ಮಾಡಿದರು. ಅಷ್ಟು ಗಲಾಟೆಯ ನಡುವೆ ಹಾಗೆ ಮಾಡಿದ್ದಕ್ಕೇ ಅಪ್ಪ ಉಳಿದರು ಅಂತ ನಾನು ನಂಬಿದ್ದೇನೆ.

ಡಾಕ್ಟರ್ ನಮ್ಮ ಮೇಲೆ ರೇಗದೆ ಕೂರಿಸಿ ಹೇಳಿದರು. ಇದನ್ನು ಕುದುರೆ ರಕ್ತದಿಂದ ತಯಾರಿಸುತ್ತಾರೆ, ಕೆಲವರ ಮೈಗೆ ಒಗ್ಗಲ್ಲ. ಯಾರಿಗೆ ಒಗ್ಗಲ್ಲ ಅನ್ನೋದು ಚರ್ಮದ ಟೆಸ್ಟಿನಿಂದ ತಿಳಿಯಲ್ಲ, ಅದಕ್ಕೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ರಿಯಾಕ್ಷನ್‌ಗೆ ಮದ್ದಿದೆ, ಆದರೆ ರಕ್ತಕ್ಕೆ ಇಳಿದ ವಿಷಕ್ಕೆ ಇದು ಬಿಟ್ಟರೆ ಬೇರೆ ಮದ್ದಿಲ್ಲ. 6 ಗಂಟೆ ಬಿಟ್ಟು ಮತ್ತೆ ಟ್ಯೂಬ್ ನೋಡಿದಾಗ ರಕ್ತ ಗಟ್ಟಿಯಾಗಿತ್ತು.

ಮನೆಗೆ ಬಂದ ಮೇಲೆ ಜ್ವರ, ಕೀಲುನೋವು ಬಂತು. ಈ ಔಷಧಿಯಿಂದ ಹೀಗಾಗಬಹುದು, ಬಂದು ತೋರಿಸಿ ಅಂತ ಡಿಸ್ಚಾರ್ಜ್ ದಿನವೇ ಹೇಳಿದ್ದರು. ಅದಕ್ಕೇ ಈ ಸಲ ಯಾರೂ ಗಾಬರಿಯಾಗಲಿಲ್ಲ. ಮಾತ್ರೆಗೆ ಕಡಿಮೆಯಾಯಿತು.

ಔಷಧಿ ತಯಾರಿಗೆ ಬೇಕಾದ ವಿಷವನ್ನು ಹಾವು ಹಿಡಿದು ತೆಗೆದುಕೊಡುವ ತಮಿಳುನಾಡಿನ ಇರುಳ ಸಮುದಾಯದವರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರ. ಕೊಳಕುಮಂಡಲದ ವಿಷ ಕಿಡ್ನಿಗೂ ಪೆಟ್ಟು ಕೊಡುತ್ತಂತೆ, ಮುಂದಿನ ವಾರ ಟೆಸ್ಟ್ ಇದೆ. ರಿಪೋರ್ಟ್ ಬಂದ ಕೂಡಲೇ ಎಲ್ಲರಿಗೂ ತಿಳಿಸುತ್ತೇನೆ.