‘ಲೈಫ್’ ಕಾಟಾಚಾರದ ಆಲ್ಬಂ ಅಲ್ಲ

ಮಾನ್ಯ ಸಂಪಾದಕರೇ,

ರಾಕ್ ಗಾಯಕರು ರೆಕಾರ್ಡ್ ಕಂಪನಿ ಬಿಡುವ ಮುನ್ನ ಕೊಡುವ ಕೊನೆಯ ಆಲ್ಬಂ ಎಂದರೆ ಕಾಟಾಚಾರಕ್ಕೆ ಮಾಡಿದ್ದು ಎಂದು ತಳ್ಳಿಹಾಕುವುದು ರೂಢಿಯಾಗಿದೆ. ಕೆನಡಾದ ರಾಕ್ ಗಾಯಕ ನೀಲ್ ಯಂಗ್ 1987ರಲ್ಲಿ ಗೆಫೆನ್ ಕಂಪನಿಗೆ ಕೊಟ್ಟ ‘ಲೈಫ್’ಗೂ ಇದೇ ಮಾತು ಅಂಟಿಕೊಂಡಿದೆ. ಇದು ಆ ಆಲ್ಬಂಗೆ ಮಾಡುವ ಅನ್ಯಾಯ.

ಯಂಗ್ 1982ರಲ್ಲಿ ತಮ್ಮ ಹಳೆಯ ರೆಕಾರ್ಡ್ ಕಂಪನಿ ರಿಪ್ರೈಸ್ ಬಿಟ್ಟು ಗೆಫೆನ್ ಸೇರಿದ್ದೇ ಬೇಕಾದ ಸಂಗೀತ ಮಾಡುವ ಪೂರ್ಣ ಸ್ವಾತಂತ್ರ್ಯ ಸಿಗುತ್ತದೆ ಎಂದು. ಮೊದಲು ಬಂದ ‘ಟ್ರಾನ್ಸ್’ನಲ್ಲಿ ದನಿಯನ್ನು ರೋಬಾಟ್ ದನಿಯಂತಾಗಿಸುವ ವೊಕೋಡರ್ ಯಂತ್ರದಲ್ಲಿ ಹಾಯಿಸಿ ಹಾಡಿದರು. ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ತೊಂದರೆಯಿಂದ ಮಾತು ಬಾರದ ಮಗನನ್ನು ತಲುಪುವ ತಂದೆಯ ಹಂಬಲ ಅದರಲ್ಲಿತ್ತು. ಅಂದಿನ ಕೇಳುಗರಿಗೆ ಅದು ಗೊತ್ತಾಗಲಿಲ್ಲ. ಮುಂದೆ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಶೈಲಿಯ ಹಾಡುಗಳನ್ನು ಒಪ್ಪಿಸಿದಾಗ ಕಂಪನಿ, ‘ಇದು ಬೇಡ, ರಾಕ್ ಅಂಡ್ ರೋಲ್ ಕೊಡಿ’ ಎಂದಿತು. ಅವರು 1950ರ ದಶಕದ ಧಾಟಿಯ ರಾಕ್ ಅಂಡ್ ರೋಲನ್ನೇ ಕೊಟ್ಟರು. ರೆಕಾರ್ಡಿಂಗ್ ಅರ್ಧಕ್ಕೆ ನಿಂತು, ಆಲ್ಬಂ ಸುಮಾರು 25 ನಿಮಿಷಕ್ಕೇ ಮುಗಿಯಿತು. 1983ರ ಕೊನೆಗೆ ಕಂಪನಿ 33 ಲಕ್ಷ ಡಾಲರ್ ಕೇಳಿ ದಾವೆ ಹೂಡಿತು. ಆಕ್ಷೇಪ ಎರಡು: ಈ ಆಲ್ಬಂಗಳು ಮಾರುಕಟ್ಟೆಗೆ ಒಗ್ಗುವುದಿಲ್ಲ, ಯಂಗ್ ಅವರ ಹಿಂದಿನ ಸಂಗೀತದಂತೆಯೂ ಇಲ್ಲ. ಯಂಗ್ 2.1 ಕೋಟಿ ಡಾಲರ್‌ಗೆ ಪ್ರತಿದಾವೆ ಹಾಕಿದರು. ರಾಜಿಯಾಯಿತು, ಕಂಪನಿ ಕಟ್ಟಿದ ಡೇವಿಡ್ ಗೆಫೆನ್ ಕ್ಷಮೆಯನ್ನೂ ಕೇಳಿದರು. ಆದರೆ ಒಪ್ಪಂದದಿಂದ ಬಿಡುಗಡೆ ಸಿಗಲಿಲ್ಲ. ಇಂಥ ಒಪ್ಪಂದ ಸಾಮಾನ್ಯವಾಗಿ ಎಣಿಸುವುದು ವರ್ಷಗಳನ್ನಲ್ಲ, ಆಲ್ಬಂಗಳನ್ನು. ‘ಲೈಫ್’ ಐದನೆಯದು. ಅದರ ಮುಖಪುಟದಲ್ಲಿ ಜೈಲಿನ ಕೋಣೆ, ಗೋಡೆಯ ಮೇಲೆ ಐದು ಗೀಟು. ಕೈದಿ ದಿನ ಎಣಿಸುವಂತೆ ಯಂಗ್ ಆಲ್ಬಂ ಎಣಿಸಿದ್ದರು.

ಈಗ ಹಾಡುಗಳ ಮಾತು. ಬಹುಪಾಲು ಹಾಡುಗಳು 1986ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಆಂಫಿಥಿಯೇಟರ್‌ನಲ್ಲಿ ‘ಕ್ರೇಜಿ ಹಾರ್ಸ್’ ತಂಡದ ಜೊತೆ ವೇದಿಕೆಯ ಮೇಲೆಯೇ ನುಡಿಸಿದವು. ಪ್ರೇಕ್ಷಕರ ಸದ್ದು ತೆಗೆದು, ಆಮೇಲೆ ಸ್ಟುಡಿಯೋದಲ್ಲಿ ಬೇರೆ ಪದರಗಳನ್ನು ಸೇರಿಸಿದರು. ಎಡವಿದ್ದು ಇಲ್ಲೇ: ಒರಟು ಗಿಟಾರ್ ಮೇಲೆ ಆ ಕಾಲದ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ನುಣುಪು ಬಳಿದಂತಿದೆ, ಎರಡೂ ಕೂಡುವುದಿಲ್ಲ. ಹಾಡುಗಳಲ್ಲಿ ಮಾತ್ರ ಸೋಮಾರಿತನವಿಲ್ಲ. ‘ಪ್ರಿಸನರ್ಸ್ ಆಫ್ ರಾಕ್ ಅಂಡ್ ರೋಲ್’ನಿಂದ ಶುರುಮಾಡಿ. ಕಂಪನಿಯವರ ಅಪ್ಪಣೆಗೆ ಬಗ್ಗೆವು ಎಂದು ಅದೇ ಕಂಪನಿಯ ಡಿಸ್ಕ್‌ನಲ್ಲಿ ಕೂಗಿ ಹಾಡಿದ್ದಾರೆ. ಆಮೇಲೆ ‘ವೆನ್ ಯುವರ್ ಲೋನ್ಲಿ ಹಾರ್ಟ್ ಬ್ರೇಕ್ಸ್’ ಕೇಳಿ. ಅಲ್ಲಿ ಲಯ ನಿಧಾನ, ದನಿ ಬರಿದು, ಮನಸ್ಸಿಗೆ ನಾಟುತ್ತದೆ. ಮರುವರ್ಷವೇ ಅವರು ರಿಪ್ರೈಸ್‌ಗೆ ಮರಳಿದರು. 1989ರ ‘ಫ್ರೀಡಮ್’ ಅನ್ನು ಎಲ್ಲರೂ ಹೊಗಳುತ್ತಾರೆ, ಅದರ ಕಸುವು ‘ಲೈಫ್’ನಲ್ಲೇ ಕಾಣುತ್ತದೆ.

ನಮ್ಮ ಬೆಂಗಳೂರಿನ ಬ್ಯಾಂಡ್‌ಗಳಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಯಿದೆ. ಒಪ್ಪಿಸಿದ ಆಲ್ಬಂ ‘ತಾಂತ್ರಿಕವಾಗಿ ಸಮರ್ಪಕ’ ಇದ್ದರೆ ಸಾಕೋ, ‘ಮಾರುಕಟ್ಟೆಗೆ ಹೊಂದುವಂತೆ’ ಇರಬೇಕೋ ಎಂಬುದನ್ನು ಒಪ್ಪಂದದಲ್ಲಿ ಹುಡುಕಿ ನೋಡಿ. ಎರಡನೆಯದಿದ್ದರೆ ಕಂಪನಿ ಆಲ್ಬಂ ವಾಪಸ್ ಕಳಿಸಬಹುದು, ಕೊಡಬೇಕಾದ ಆಲ್ಬಂಗಳ ಲೆಕ್ಕ ಮುಂದೆ ಹೋಗುವುದಿಲ್ಲ. ಲೈವ್ ಆಲ್ಬಂ, ಆಯ್ದ ಹಾಡುಗಳ ಸಂಕಲನ ಲೆಕ್ಕಕ್ಕೆ ಬರುತ್ತವೆಯೇ ಎಂದೂ ಕೇಳಿ. ಹಾಡಿನ ಹಕ್ಕನ್ನು ಕಂಪನಿಗೆ ವರ್ಗಾಯಿಸುವ ಅವಧಿ ಬರೆಯದಿದ್ದರೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಅದು 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂದು ಸೇರಿಸಿದರೆ ಈ ಎರಡು ರಕ್ಷಣೆಯೂ ಹೋಯಿತು. ಆದರೆ 2012ರ ತಿದ್ದುಪಡಿಯ ನಂತರ ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿಯ ಸಮಪಾಲನ್ನು ಕಂಪನಿ ಒಪ್ಪಂದದಲ್ಲಿ ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ.

— ರಾಕ್ ಸಂಗೀತದ ಕೇಳುಗರು, ಬೆಂಗಳೂರು